ನೂಲು ಒಣಗುವವರೆಗೆ

ಏರುತ್ತಿದೆ, ನೂಲಿನೊಳಗೆ ಒದ್ದೆ ಏರುತ್ತಿದೆ, ಇರುವೆಗಿಂತ ನಿಧಾನವಾಗಿ, ಕಣ್ಣು ಕೀಲಿಸಿ ನೋಡುತ್ತ ಕುಳಿತರೆ ನಿಂತೇಬಿಡುತ್ತದೆ, ಸ್ವಲ್ಪ ಆ ಕಡೆ ನೋಡಿ ಈ ಕಡೆ ತಿರುಗಿದರೆ ಒಂದು ಗೋಧಿ ಕಾಳಿನಷ್ಟು ಮೇಲೆ ಹೋಗಿರುತ್ತದೆ, ಹಾಲು ಕಾಯಿಸಿದ ಹಾಗೆಯೇ ಇದೂ, ಎದುರಿಗೆ ನಿಂತರೆ ಉಕ್ಕದು, ಬೆನ್ನು ತಿರುಗಿಸಿದರೆ ಒಲೆಯೆಲ್ಲ ಹಾಲು — ಶಿವಬಸವ್ವ ಹಿತ್ತಿಲ ಬಣ್ಣದ ಕೋಣೆಯ ಕಟ್ಟೆಯ ಮೇಲೆ ಮೊಣಕಾಲು ಒತ್ತಿಕೊಳ್ಳುತ್ತ ಕುಳಿತಿದ್ದಾಳೆ, ಕಿಟಕಿಯ ಸರಳಿಗೆ ಗಂಟು ಹಾಕಿ ಇಳಿಬಿಟ್ಟ ಬಿಳಿ ನೂಲು, ನೂಲಿನ ತುದಿ ಅಂಚು ಒಡೆದ ಪಿಂಗಾಣಿ ಬಸಿಯಲ್ಲಿ, ಬಸಿಯಲ್ಲಿರುವುದು ಅವಳದೇ ಉಚ್ಚೆ, ಥೂ, ಯಾರಾದರೂ ನೋಡಿದರೆ ಹಾನಗಲ್ಲಿನ ತುಂಬ ಸುದ್ದಿ, ಕುಬೇರಪ್ಪನ ಹೆಂಡತಿಗೆ ಅರವತ್ತು ದಾಟಿ ಅರಳುಮರಳು ಅಂತ. ಆದರೆ ನೋಡುವವರು ಯಾರಿದ್ದಾರೆ, ಮಗ ಪ್ರಶಾಂತ ಬೆಳಿಗ್ಗೆಯೇ ಶಿಗ್ಗಾವಿಯ ತನ್ನ ಅಂಗಡಿಗೆ ಹೋದ, ಸೊಸೆ ಶ್ವೇತಾ ತಿಳವಳ್ಳಿ ಶಾಲೆಯ ಮಾಸ್ತರಿಣಿ, ಅವಳೂ ಬಸ್ಸು ಹತ್ತಿದಳು, ಹೋಗುವಾಗ ಬಾಗಿಲಲ್ಲಿ ನಿಂತು ಅತ್ತಿ, ಡಬ್ಬಿ ಬಚ್ಚಲ ಮಾಡದಾಗ ಇಟ್ಟೇನ್ರಿ, ಲ್ಯಾಬಿನ ದಾದಾಪೀರ ಬರ್ತಾನ, ಕೊಡೋದು ಮರೀಬ್ಯಾಡ್ರಿ ಮತ್ತ ಅಂದಳು, ಮರೆತಿಲ್ಲ ತಾಯಿ, ಹಿಡಿದದ್ದೂ ಆಯಿತು, ಹಿಡಿದು ಬೆಳಕಿಗೆ ಎತ್ತಿದರೆ ಗುಲಾಬಿ, ಡಬ್ಬಿಯ ತುಂಬ ತೆಳ್ಳಗೆ ಗುಲಾಬಿ. ಅದು ರಕ್ತವೋ ಅಥವಾ ನಿನ್ನೆ ಅವಳು ಕದ್ದು ಕಲಸಿದ ರಾಣಿ ಬಣ್ಣವೋ, ಅದನ್ನು ಹೇಳುವುದಕ್ಕೇ ಈ ನೂಲು ಇಲ್ಲಿ ತೂಗುತ್ತಿದೆ, ಒದ್ದೆ ಏರಲಿ, ಆಮೇಲೆ ಬಿಸಿಲಿಗೆ ಹಾಕುವುದು, ರಾಣಿ ಬಣ್ಣವಾದರೆ ಒಣಗಿದ ಮೇಲೂ ರಾಣಿಯೇ, ರಕ್ತವಾದರೆ ಬಿಸಿಲಿಗೆ ಕಂದಾಗುತ್ತದೆ, ಇಷ್ಟು ಅವಳಿಗೆ ಗೊತ್ತು, ಜನ್ಮವೆಲ್ಲ ನೂಲಿಗೆ ಬಣ್ಣ ಹಾಕಿದವಳಿಗೆ ಇಷ್ಟೂ ಗೊತ್ತಿರದಿದ್ದರೆ ಹೇಗೆ.

ಬಣ್ಣ ಮುಟ್ಟಬೇಡವೆಂದು ಡಾಕ್ಟರೂ ಹೇಳಿದ್ದರು, ಸೊಸೆ ಆಣೆಯನ್ನೂ ಹಾಕಿಸಿಕೊಂಡಿದ್ದಳು, ಆದರೆ ತಿಳವಳ್ಳಿಯ ಕರಿಬಸಪ್ಪ ಫೋನು ಮಾಡಿದನಲ್ಲ, ಅಕ್ಕಾರ, ದೀಪಾವಳಿ ಹತ್ರ ಬಂತು, ಹೋರಿ ಓಡಸೂದೈತಿ, ಪ್ಯಾಟ್ಯಾಗ ಪ್ಲಾಸ್ಟಿಕ್ ಗೊಂಡೆ ಸಿಗತಾವ ಖರೆ, ಮಿಣಿಮಿಣಿ ಅಂತಾವ, ಅವು ಗೊಂಡೆ ಏನ್ರಿ, ನಮ್ಮಪ್ಪನ ಹೋರಿ ಕೊಳ್ಳಾಗ ನಿಮ್ಮ ಮನಿ ರಾಣಿ ಗೊಂಡೆ ಇರ್ತಿದ್ದು, ಅಂಥಾವು ಒಂದ ಜೋಡಿ ಮಾಡಿ ಕೊಡ್ರಿ, ಇಲ್ಲ ಅನಬ್ಯಾಡ್ರಿ ಅಂದ. ಇಲ್ಲಪ್ಪ, ಬಿಟ್ಟೇನಿ ಅನ್ನಬೇಕಿತ್ತು, ಬಾಯಿ ಹಾಗೆ ಅನ್ನಲೂ ಹೊರಟಿತ್ತು, ಅಷ್ಟರಲ್ಲಿ ಇವರ ಹೆಸರು ತೆಗೆದ, ಕುಬೇರಪ್ಪನ ಕೈ ಬಣ್ಣ ಅಂದ್ರ ಹೋರಿ ಸತ್ತರೂ ಗೊಂಡೆ ಸಾಯೂದಿಲ್ಲ ಅಂತಿದ್ದ ನಮ್ಮಪ್ಪ, ಅಷ್ಟೇ, ಮುದುಕಿ ಕರಗಿ ನೀರಾದಳು, ಸುಮ್ಮನಿರಲಾರದೆ ಮೈಮೇಲೆ ಇರುವೆ ಬಿಟ್ಟುಕೊಂಡಳು. ಜೋಳದ ಚೀಲದ ಹಿಂದೆ ಒಂದು ಡಬ್ಬಿ ಪುಡಿ ಉಳಿದಿತ್ತು, ಶ್ವೇತಾ ಎಲ್ಲ ಪುಡಿಯನ್ನೂ ಗುಂಡಿ ತೋಡಿ ಹೂಳಿಸಿದ್ದಳು, ಇದೊಂದು ಅವಳ ಕಣ್ಣು ತಪ್ಪಿಸಿತ್ತು, ಸಂಜೆ ಸೊಸೆ ಸಂತೆಗೆ ಹೋದ ಹೊತ್ತು ನೋಡಿ ಬಚ್ಚಲಲ್ಲೇ ಬಾಗಿಲು ಹಾಕಿಕೊಂಡು ಕಲಸಿದಳು, ಹಿತ್ತಿಲಲ್ಲಿ ಒಲೆ ಹಚ್ಚಿದರೆ ಹೊಗೆ ಹೇಳಿಬಿಡುತ್ತದೆ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ. ಡಬ್ಬಿ ಮುಚ್ಚಳ ತೆಗೆಯುವಾಗ ಪುಡಿ ಹಾರಿತು, ಹಾರದೇ ಇರುತ್ತದೆಯೇ, ಅದರ ಬುದ್ಧಿಯೇ ಹಾರುವುದು, ಅಲ್ಲೇ ಮಾಡದಲ್ಲಿ ಈ ಲ್ಯಾಬಿನ ಡಬ್ಬಿ, ಬೆಳಿಗ್ಗೆ ಬೆರಳು ಸೆಟೆದುಕೊಂಡಿರುತ್ತವೆ, ಮುಚ್ಚಳ ಬಿಗಿಯಾದರೆ ತಿರುಗಿಸಲಾಗದು ಎಂದು ಸಂಜೆಯೇ ಸಡಿಲು ಮಾಡಿ ಇಟ್ಟವಳೂ ಅವಳೇ, ಒಂದು ಕಣ ಬಿದ್ದರೂ ಸಾಕು, ಒಂದು ಕಣಕ್ಕೆ ಒಂದು ತಂಬಿಗೆ ನೀರು ಕೆಂಪು. ಬಿದ್ದಿರಲಿ, ದೇವರೇ, ಪುಡಿಯೇ ಬಿದ್ದಿರಲಿ, ಸೊಸೆ ಬೈದರೆ ಬೈಯಲಿ, ಆಣೆ ಮುರಿದ ಪಾಪ ತಲೆಗೆ ಬರಲಿ, ಪುಡಿಯೇ ಆಗಿರಲಿ.

ರಾಣಿ ಬಣ್ಣ, ಎಂಥ ಬಣ್ಣ ಅದು, ಹಂಸಭಾವಿಯಿಂದ ಮದುವೆಯಾಗಿ ಬಂದ ಮೊದಲ ದಿನ ಈ ಮನೆಯ ಮುಂದಿನ ಗಟಾರದಲ್ಲಿ ಅದೇ ಬಣ್ಣ ಹರಿಯುತ್ತಿತ್ತು, ಸೇರು ಒದೆಯುವ ಮೊದಲೇ ಅವಳು ಅದನ್ನು ನೋಡಿ ಹೌಹಾರಿ ನಿಂತಿದ್ದಳು, ಒಳಗೆ ಯಾರನ್ನೋ ಕಡಿದಿದ್ದಾರೆ ಅಂತಲೇ ತಿಳಿದಿದ್ದಳು, ಹದಿನೆಂಟರ ಹುಡುಗಿ, ಕುಬೇರಪ್ಪ ಪಕ್ಕದಲ್ಲಿ ಬಾಸಿಂಗ ಕಟ್ಟಿಕೊಂಡು ಮೆಲ್ಲಗೆ ನಕ್ಕ, ಹೆದರಬ್ಯಾಡ, ಅದು ನಮ್ಮ ಅನ್ನ, ಹರಿಯಾಕತ್ತೈತಿ. ಓಣಿಯ ಮಕ್ಕಳು ಗಟಾರ ನೋಡಿಯೇ ಹೇಳುತ್ತಿದ್ದವು, ಇವತ್ತ ಹಸರು, ಇವತ್ತ ನೀಲಿ, ಓಣಿಯ ಬಿಳಿ ನಾಯಿಗೆ ಕಾಲು ಯಾವಾಗಲೂ ಒಂದೊಂದು ಬಣ್ಣ, ಕಾರಹುಣ್ಣಿಮೆ ಬಂತೆಂದರೆ ಹಂಡೆ ಒಲೆಯಿಂದ ಇಳಿಯುತ್ತಿರಲಿಲ್ಲ, ಹಿರೇಕೆರೂರು ಕಡೆಯವರು ಬರುವರು, ಸವಣೂರು ಕಡೆಯವರು ಬರುವರು, ಎತ್ತಿನ ಕೊಂಬಿಗೆ, ಕೊರಳಿಗೆ, ಹಣೆಗೆ, ಬಾಲಕ್ಕೂ ಕಟ್ಟುವ ಗೊಂಡೆ, ಲಡಿ ಲಡಿ ನೂಲು ಹಂಡೆಯಲ್ಲಿ ಮುಳುಗುವುದು, ಕೋಲಿನಿಂದ ಎತ್ತಿದರೆ ಹೊಗೆಯಾಡುತ್ತ ಮೇಲೆ ಬರುವುದು, ಅವನು ಅತ್ತ ತುದಿ ಇವಳು ಇತ್ತ ತುದಿ ಹಿಡಿದು ಹಿಂಡುವುದು, ಹಿಂಡುವಾಗ ಅವನು ಎಳೆದು ಬೇಕೆಂದೇ ಅವಳನ್ನು ತೂರಾಡಿಸುವುದು, ಅತ್ತೆ ಅಡುಗೆಮನೆಯಿಂದ ಕೆಮ್ಮುವುದು. ಮೂರು ತಿಂಗಳ ಮೇಲೆ ತವರಿಗೆ ಹೋದಾಗ ಅವ್ವ ಅವಳ ಕೈ ಹಿಡಿದುಕೊಂಡು ಅತ್ತೇಬಿಟ್ಟಳು, ಅಂಗೈ ನೀಲಿ, ಉಗುರು ಹಸಿರು, ಯಾರು ಹೊಡದಾರ ಹೇಳವ್ವ, ಅಪ್ಪನ್ನ ಕಳಸ್ತೇನಿ, ಯಾರು ಹೊಡದಾರ ಅಂತ, ಇವಳಿಗೆ ನಗು ತಡೆಯದು. ಹೋಳಿ ಹುಣ್ಣಿಮೆಗೆ ಊರೆಲ್ಲ ಬಣ್ಣ ಎರಚಾಡುವಾಗ ಇವರಿಬ್ಬರು ಮಾತ್ರ ಹಂಡೆಗೆ ಸುಣ್ಣದ ಹಾಗೆ ಬೂದಿ ಹಚ್ಚಿ ತಿಕ್ಕುತ್ತ ಮನೆಯಲ್ಲಿ, ನಮಗ ದಿನಾ ಹೋಳಿ, ಇವತ್ತ ರಜಾ ಎನ್ನುತ್ತಿದ್ದ ಅವನು. ಪ್ರಶಾಂತ ಹುಟ್ಟಿದಾಗ ಮೊದಲು ಎತ್ತಿಕೊಂಡಳಲ್ಲ, ಮಗುವಿನ ಹಿಮ್ಮಡಿಗೆ ನಾಲ್ಕು ಬೆರಳು ರಾಣಿ ಬಣ್ಣ ಮೂಡಿತ್ತು, ಬಾಣಂತನಕ್ಕೆ ಬಂದಿದ್ದ ನಾದಿನಿ ಮಹಾದೇವಕ್ಕ ಅದನ್ನು ಹುಟ್ಟುಮಚ್ಚೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು, ಭಾಗ್ಯವಂತ ಅಂತ, ಎರೆದು ಎರೆದು ಹತ್ತು ದಿನಕ್ಕೆ ಭಾಗ್ಯ ಹೋಯಿತು. ಹಸಿರು ಹಾಕಿದ ದಿನ ಉಗುಳಿದರೆ ಹಸಿರು, ಮೂಗು ಸೀನಿದರೆ ಹಸಿರು, ಕೆಂಪು ಹಾಕಿದ ದಿನ ಕೆಂಪು, ಬೆಳಗ್ಗೆ ಬೇಲಿ ಸಾಲಿಗೆ ಒಂದಕ್ಕೆ ಹೋಗಿ ಬಂದು ಕುಬೇರಪ್ಪ ಅಲ್ಲಿಂದಲೇ ಕೂಗುವನು, ಬಸವ್ವಾ, ಇವತ್ತ ನಾನs ಒಂದು ಹಂಡೆ ಆಗೇನಿ ನೋಡು, ಗುಲಾಬಿ ಬರಾಕತ್ತೈತಿ, ಲಡಿ ತಗೊಂಡ ಬಾ, ನಾಚಿಕೆಯಿಲ್ಲದ ಮನುಷ್ಯ, ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುವಳು, ಅತ್ತೆಯೂ ನಗುವಳು, ಮನೆಯೆಲ್ಲ ನಗುತ್ತಿತ್ತು.

ಏರಿದೆ, ಈಗ ನೂಲಿನಲ್ಲಿ ಎರಡು ಬೆರಳು ಏರಿದೆ, ಸಾಲದು, ಇನ್ನೂ ಎರಡು ಬೆರಳಾಗಬೇಕು, ಅವಸರ ಮಾಡಿದರೆ ನೂಲು ಸುಳ್ಳು ಹೇಳುತ್ತದೆ ಎನ್ನುತ್ತಿದ್ದ, ಅವಸರ ಮಾಡದೆ ಬಿಟ್ಟರೆ ಅದು ಹೇಳಿದ್ದೇ ಖರೆ. ಇದನ್ನು ಅವನು ಕಲಿತದ್ದು ಯಾರಿಂದಲೋ, ಅವಳು ಕಲಿತದ್ದು ಅವನಿಂದ, ಹುಬ್ಬಳ್ಳಿಯಿಂದ ತಂದ ನೇರಳೆ ಪುಡಿ ಖರೆ ನೇರಳೆಯೋ ಅಥವಾ ಕೆಂಪು ನೀಲಿ ಕೂಡಿಸಿ ಕೊಟ್ಟ ಮೋಸದ ನೇರಳೆಯೋ ಎಂದು ನೋಡಲು ಇದೇ ಬಸಿ, ಇದೇ ಕಿಟಕಿ, ಬಿಳಿ ನೂಲಿನ ತುದಿ ಅದ್ದಿ ಬಿಟ್ಟರೆ ಖರೆ ನೇರಳೆ ಒಂದೇ ಸಮ ಏರುತ್ತದೆ, ಕೂಡಿಸಿದ್ದಾದರೆ ಒಂದು ಕೆಳಗೆ ಕೂರುತ್ತದೆ, ಇನ್ನೊಂದು ಅದನ್ನು ಬಿಟ್ಟು ಮೇಲೆ ಹೋಗುತ್ತದೆ, ಜಗಳಾಡಿದ ಅಣ್ಣತಮ್ಮಂದಿರು ಬೇರೆ ಬೇರೆ ಮನೆ ಮಾಡಿದ ಹಾಗೆ. ಪುಡಿಯಲ್ಲಿ ಉಪ್ಪು ಬೆರೆಸಿದ್ದಾರೋ ಎಂದು ನೋಡಲು ಮಾತ್ರ ನೂಲು ಬೇಕಿರಲಿಲ್ಲ, ನಾಲಗೆ ಸಾಕಿತ್ತು, ಹುಬ್ಬಳ್ಳಿಯ ಅಂಗಡಿಯಲ್ಲಿ ನಿಂತು ಪೊಟ್ಟಣ ಬಿಚ್ಚಿಸಿ ಬೆರಳು ಅದ್ದಿ ನಾಲಗೆಗೆ ಇಟ್ಟುಕೊಳ್ಳುವನು, ಕಣ್ಣು ಮುಚ್ಚಿ, ದೇವರ ತೀರ್ಥ ತೆಗೆದುಕೊಂಡ ಹಾಗೆ, ಉಪ್ಪು ಭಾಳ ಐತ್ರಿ ಸಾವಕಾರ್ರ, ಇದನ್ನ ಸಾರಿಗೆ ಹಾಕ್ಕೋರಿ, ನಮಗ ಬ್ಯಾಡ, ಅಂಗಡಿಯವನು ಬೆಚ್ಚಿ ಒಳಗಿನ ಡಬ್ಬಿ ತೆಗೆಯುವನು. ಅವಳೂ ಜೊತೆಗೆ ಹೋಗುತ್ತಿದ್ದಳು, ವರ್ಷಕ್ಕೆ ಒಂದು ಸಲವೋ ಎರಡು ಸಲವೋ, ಬರುವಾಗ ಬಸ್ಸು ಶಿಗ್ಗಾವಿಯಲ್ಲಿ ನಿಂತಾಗ ಗಂಡಸರೆಲ್ಲ ಇಳಿದು ಗೋಡೆ ಕಡೆ ತಿರುಗಿ ನಿಲ್ಲುವರು, ಹೆಂಗಸರು ಎಲ್ಲಿಗೆ ಹೋಗಬೇಕು, ತೊಡೆ ಒತ್ತಿಕೊಂಡು ಕೂತರೆ ಹಾನಗಲ್ಲಿನ ಮನೆ ಬಾಗಿಲವರೆಗೆ ಅದೇ ಧ್ಯಾನ, ಅದಕ್ಕೆಂದೇ ಬೆಳಿಗ್ಗೆಯಿಂದ ನೀರು ಕುಡಿಯುತ್ತಿರಲಿಲ್ಲ, ಹೆಂಗಸಿನ ಜಾಣತನ ಅಂದರೆ ಅದೇ ಆಗಿತ್ತು ಆಗ. ಸವಣೂರಿನಲ್ಲಿ ಅವನು ಇಳಿದು ಖಾರ ತರುವನು, ಬಿಸಿಬಿಸಿ ಕರಿದ ಸೇವು, ಕಾಗದದ ತುಂಬ ಎಣ್ಣೆ, ಜೊತೆಗೆ ಒಂದು ಕಟ್ಟು ಎಳೆ ವೀಳ್ಯದೆಲೆ, ತಿನ್ನು ಅಂತ ಅವನು, ಖಾರ ತಿಂದರೆ ನೀರು ಕುಡಿಯಬೇಕಾಗುತ್ತದೆ ಅಂತ ಇವಳು, ಹೇಳುವುದು ಹೇಗೆ, ಹೇಳದೆ ಒಂದೊಂದೇ ಎಳೆ ಬಾಯಿಗೆ ಹಾಕಿಕೊಂಡು, ಹೊರಗೆ ಸೂರ್ಯ ಮುಳುಗುವಾಗ ಅವನು ಮೊಣಕೈಯಿಂದ ತಿವಿದು ತೋರಿಸುವನು, ಬಸವ್ವಾ, ಅಲ್ಲಿ ನೋಡು, ಆ ಬಣ್ಣಾ, ಅದನ್ನ ಹಾಕಾಕ ನನಗ ಇನ್ನೂ ಬಂದಿಲ್ಲ. ಈಗಲೂ ಸಂಜೆ ಹೊತ್ತು ಆ ಕಡೆ ಮುಖ ಮಾಡಿದರೆ ಆ ಖಾರದ ವಾಸನೆ ಬರುತ್ತದೆ, ನಿಜವಾಗಿ ಬರುತ್ತದೆ.

ಅವನ ಹೆಮ್ಮೆ ಒಂದೇ, ನನ್ನ ಬಣ್ಣ ಬಿಸಲಿಗೆ ಬಾಡೂದಿಲ್ಲ. ಊರ ಗೌಡರ ಮುಂದೆಯೂ ಹೇಳುವನು, ಜಂಗಮರ ಮುಂದೆಯೂ ಹೇಳುವನು, ಎತ್ತು ಮೂರು ಸಲ ಮಾರಿ ಹೋಗಲಿ, ಗೊಂಡೆ ಹಂಗs ಇರ್ತಾವ. ಆ ವರ್ಷ ಕಾರಹುಣ್ಣಿಮೆ ಮುಗಿದು ಹಂಡೆ ಬೋರಲು ಹಾಕಿ ಒಂದು ತಿಂಗಳೇ ಆಗಿತ್ತು, ಬಣ್ಣದ ಕೆಲಸವೇ ಇರಲಿಲ್ಲ, ಆದರೂ ಕುಬೇರಪ್ಪ ಬೆಳಿಗ್ಗೆ ಬೇಲಿಯಿಂದ ಬಂದು, ಇನ್ನೂ ಬರಾಕತ್ತೈತಿ ನೋಡು ಗುಲಾಬಿ, ಎಷ್ಟ ಕುಡದೇನೋ ಏನೋ ಎಂದು ನಕ್ಕ, ಅವಳೂ ನಕ್ಕಳು, ಯಾಕೆ ನಗಬಾರದು, ಬಣ್ಣದವರ ಮನೆಯಲ್ಲಿ ಕೆಂಪು ಕಂಡರೆ ಯಾರು ಹೆದರುತ್ತಾರೆ, ಒಕ್ಕಲಿಗ ಕಾಲಿಗೆ ಮಣ್ಣು ಹತ್ತಿತೆಂದು ಹೆದರುತ್ತಾನೆಯೇ. ಆಮೇಲೆ ಅವನು ತನ್ನ ಧೋತರ ತಾನೇ ಒಗೆದುಕೊಳ್ಳಲು ಶುರು ಮಾಡಿದ, ಆನಿಕೆರೆಗೆ ಒಯ್ದು ಒಗೆದು ಬೇಲಿಗೆ ಹಾಕುವನು, ಹುಡುಗಾಟ ಎಂದುಕೊಂಡಳು. ಒಂದು ಮಧ್ಯಾಹ್ನ ಬಿಸಿಲು ಕಾದಿತ್ತು, ಅವಳು ಜೋಳ ಹಸನು ಮಾಡುತ್ತಿದ್ದಳು, ಅವನು ಬೇಲಿಯ ಹತ್ತಿರ ಒಣಗಿದ ಧೋತರ ಹಿಡಿದು ನಿಂತಿದ್ದ, ನಿಂತೇ ಇದ್ದ, ಉಣ್ಣಾಕ ಬರ್ರಿ ಅಂದರೂ ತಿರುಗಲಿಲ್ಲ, ಹತ್ತಿರ ಹೋದಳು, ಧೋತರದ ಮುಂದಿನ ನೆರಿಗೆಯಲ್ಲಿ ಒಂದು ಕಲೆ, ಅಂಗೈಯಷ್ಟು, ನಡುವೆ ತೆಳುವು, ಅಂಚಿನಲ್ಲಿ ಕಂದು. ಬಸವ್ವಾ, ನನ್ನ ಬಣ್ಣ ಎಂದರ ಬಾಡೇತೇನ, ಅವನು ಕೇಳಿದ, ಇಲ್ಲ ಅಂದಳು, ಇದು ಬಾಡೇತಿ ನೋಡು, ಇದು ಬಣ್ಣ ಅಲ್ಲ ಅಂದ. ಅಷ್ಟೇ ಮಾತು. ಹುಬ್ಬಳ್ಳಿಗೆ ಹೋದರು, ಅದೇ ಬಸ್ಸು, ಶಿಗ್ಗಾವಿಯಲ್ಲಿ ಗಂಡಸರೆಲ್ಲ ಇಳಿದರು, ಅವನು ಇಳಿಯಲಿಲ್ಲ, ಕಿಟಕಿಯಿಂದ ಹೊರಗೆ ನೋಡುತ್ತ ಕೂತ, ಆಸ್ಪತ್ರೆಯಲ್ಲಿ ಭಾಳ ತಡಾ ಮಾಡೀರಿ ಅಂದರು, ಗಡ್ಡಿ ಉಚ್ಚಿ ಚೀಲ ದಾಟಿ ಹೋಗೇತಿ ಅಂದರು, ಬರುವಾಗ ಸವಣೂರಿನಲ್ಲಿ ಅವನು ಹಟ ಹಿಡಿದು ಇಳಿದು ಖಾರ ತಂದು ಅವಳ ಮಡಿಲಿಗೆ ಹಾಕಿದ, ತಿನ್ನು, ನೀರೂ ಕುಡಿ, ಹಾನಗಲ್ಲ ಇನ್ನೇನ ಬಂತು. ಗೊತ್ತಿತ್ತು ಅವನಿಗೆ, ಅಷ್ಟು ವರ್ಷ ಅವಳು ಯಾಕೆ ನೀರು ಕುಡಿಯುತ್ತಿರಲಿಲ್ಲವೆಂದು ಗೊತ್ತಿತ್ತು. ಬರುವ ಕಾರಹುಣ್ಣಿಮೆಗೆ ಅವನು ಇರಲಿಲ್ಲ.

ಸಾಕು, ನಾಲ್ಕು ಬೆರಳು ಏರಿದೆ, ಶಿವಬಸವ್ವ ಎದ್ದು ಗಂಟು ಬಿಚ್ಚಿದಳು, ನೂಲನ್ನು ತುದಿಯಲ್ಲಿ ಹಿಡಿದು ಹಿತ್ತಿಲಿಗೆ ಒಯ್ದು ಬಟ್ಟೆ ಒಣಹಾಕುವ ತಂತಿಗೆ ತೂಗುಹಾಕಿದಳು, ಕಾರ್ತೀಕಕ್ಕೆ ಮೊದಲಿನ ಬಿಸಿಲು, ಚುರುಕಾಗಿದೆ, ಬೇಗ ಒಣಗುತ್ತದೆ, ನೋಡಬೇಡ, ನೋಡಿದರೆ ನಿಲ್ಲುತ್ತದೆ, ಆ ಕಡೆ ಮುಖ ಮಾಡಿ ತೊಳೆಯುವ ಕಲ್ಲಿನ ಮೇಲೆ ಕುಳಿತಳು. ಕೈ ತಾನಾಗಿ ಕೊರಳ ಶಿವದಾರಕ್ಕೆ ಹೋಯಿತು, ಅದರ ತುದಿಯ ಕರಡಿಗೆ ಮುಟ್ಟಿಕೊಂಡಿತು, ಒಳಗೆ ಲಿಂಗ, ಹೊಟ್ಟೆಯ ಮೇಲೆ ತಣ್ಣಗೆ. ಅವಳ ರೋಗ ಸಿಕ್ಕದ್ದು ಕಣ್ಣಿಗಲ್ಲ, ಕಣ್ಣಿಗೆ ಏನೂ ಕಂಡಿರಲೇ ಇಲ್ಲ, ಎರಡು ವರ್ಷದ ಹಿಂದೆ ಸಕ್ಕರೆ ನೋಡಿಸಲು ಶ್ವೇತಾ ಎಳೆದುಕೊಂಡು ಹೋಗಿದ್ದಳು, ಉಚ್ಚೆಯಲ್ಲಿ ಕಾಗದದ ಪಟ್ಟಿ ಅದ್ದಿ ನೋಡಿದ ಡಾಕ್ಟರಬಾಯಿ, ಹರಿಪ್ರಿಯಾ ಅಂತ ಹೆಸರು, ಸವಣೂರಿನ ಆಚಾರ್ಯರ ಮನೆಯವರು, ತೆಳ್ಳಗೆ ಬೆಳ್ಳಗೆ, ಕಣ್ಣಿಗೆ ಕಾಣದ ರಕ್ತವನ್ನು ಪಟ್ಟಿಯಲ್ಲಿ ಕಂಡರು, ಆಮೇಲೆ ಕೇಳಿದರು, ಶಿವಬಸವ್ವನವರ, ಮೊದಲ ಏನ ಕೆಲಸಾ ಮಾಡತಿದ್ರಿ? ಬಣ್ಣ ಹಾಕತಿದ್ವಿರಿ, ನೂಲಿಗೆ. ಕೈಲೆ? ಕೈಲೇರಿ, ಮತ್ತ ಕಾಲಿಲೆ ಹಾಕ್ತಾರೇನ್ರಿ ಅಂದಳು ಇವಳು, ಡಾಕ್ಟರಬಾಯಿ ನಗಲಿಲ್ಲ. ಹಳೇ ಕಾಲದ ಕೆಲವು ಬಣ್ಣದಾಗ ಕ್ಯಾನ್ಸರ್ ತರೋ ಅಂಥಾದ್ದು ಇರತಿತ್ತರಿ, ಮೈಯಾಗ ಹೊಕ್ಕು ಉಚ್ಚೀ ಚೀಲದಾಗ ಬಂದು ಕೂಡತದ, ಎಷ್ಟೋ ವರ್ಷಾದ ಮ್ಯಾಲೆ ಏಳತದ, ಹುಬ್ಬಳ್ಳಿಗೆ ಕಳಸ್ತೀನಿ, ಉಚ್ಚಿಯೊಳಗ ಉದುರಿದ ಜೀವಕಣಾ ನೋಡತಾರ. ಕಣಗಳು ಕೆಟ್ಟಿದ್ದವು. ನಳಿಗೆ ಹಾಕಿ ಒಳಗೆ ನೋಡಿದರು, ಹೆರೆದು ತೆಗೆದರು, ವಾರಕ್ಕೊಮ್ಮೆ ಔಷಧವನ್ನು ಆ ದಾರಿಯಿಂದಲೇ ಒಳಗೆ ಬಿಟ್ಟು ಹಿಡಕೋರಿ, ಎರಡ ತಾಸು ಬಿಡಬ್ಯಾಡ್ರಿ ಅಂದರು, ಹಿಡಿಯುವುದನ್ನು ನನಗೆ ಕಲಿಸುತ್ತಾರೆ, ಹುಬ್ಬಳ್ಳಿಯಿಂದ ಹಾನಗಲ್ಲಿನ ತನಕ ಹಿಡಿದವಳಿಗೆ. ಈಗ ಮೂರು ತಿಂಗಳಿಗೊಮ್ಮೆ ಈ ಡಬ್ಬಿ, ಕಣ ಸರಿ ಇದ್ದರೆ ಔಷಧ ನಾಟಿದೆ ಎಂದು ಲೆಕ್ಕ, ಮುಂದುವರಿಸುತ್ತಾರೆ, ಕೆಟ್ಟಿದ್ದರೆ ಮತ್ತೆ ನಳಿಗೆ, ಮತ್ತೆ ಹೆರೆಯುವುದು, ಅದಕ್ಕೂ ಬಗ್ಗದಿದ್ದರೆ ಚೀಲಾನ ತಗೀಬೇಕಾಗತದ ಅಂದರು, ಹೊಟ್ಟೀ ಮ್ಯಾಲೆ ಹೊರಗೊಂದು ಚೀಲಾ ಹಚ್ಚತಾರ, ಅದರಾಗ ಬಂದು ಬೀಳತದ. ಹೊಟ್ಟೆಯ ಮೇಲೆ. ಅಂದರೆ ಇಲ್ಲಿ, ಈ ಕರಡಿಗೆ ತೂಗುವ ಜಾಗದಲ್ಲೇ, ಮೇಲೆ ಶಿವ, ಕೆಳಗೆ ಉಚ್ಚೆಯ ಚೀಲ, ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚುವುದು ಹೇಗೆ, ಸೊಸೆಯ ಮುಂದೆ ಹೇಳಲು ಆಗಲಿಲ್ಲ, ಮಹಾದೇವಕ್ಕನ ಮುಂದೆ ಹೇಳಿದರೆ ಅವಳು ಅಯ್ಯ ಹುಚ್ಚಿ, ಲಿಂಗಕ್ಕ ಸೂತಕ ಇಲ್ಲ, ಈಗ ಒಳಗ ಐತಿ ಚೀಲಾ, ಆಗ ಹೊರಗ ಇರ್ತೈತಿ, ಶಿವಗ ಈಗ ಕಾಣೂದಿಲ್ಲ ಅಂತ ತಿಳದೀ ಏನ ಅಂದಳು, ಮಾತು ಸರಿ, ಬಾಯಿಮಾತಿಗೆ ಸರಿ, ಆದರೆ ಚೀಲ ಅವಳ ಹೊಟ್ಟೆಗೆ ಬರುವುದಿಲ್ಲವಲ್ಲ.

ತೊಳೆಯುವ ಕಲ್ಲಿನ ಮೇಲೆ ಡಬ್ಬಿ, ಪಕ್ಕದಲ್ಲಿ ತಂಬಿಗೆ, ನೀರು ತುಂಬಿದ್ದು, ಅದನ್ನು ಯಾಕೆ ತುಂಬಿ ಇಟ್ಟಳೋ ಅವಳಿಗೆ ಗೊತ್ತು, ಗೊತ್ತಿಲ್ಲದ ಹಾಗೆ ನಟಿಸುತ್ತಾಳೆ, ಯಾರ ಮುಂದೆ ನಟಿಸುತ್ತೀ ಮುದುಕಿ. ಆ ಡಬ್ಬಿ ಚೆಲ್ಲಿಬಿಡುವುದು, ಎರಡು ತಂಬಿಗೆ ನೀರು ಕುಡಿಯುವುದು, ಒಂದು ಸಲ ಹೋಗುವುದು, ಮತ್ತೆ ಕುಡಿಯುವುದು, ಎರಡನೇ ಸಲಕ್ಕೆ ತಿಳಿಯಾಗಿರುತ್ತದೆ, ಮಳೆನೀರಿನ ಹಾಗೆ, ದಾದಾಪೀರ ಅದನ್ನು ಒಯ್ಯುತ್ತಾನೆ, ಅಷ್ಟು ನೀರಲ್ಲಿ ಎರಡು ಕೆಟ್ಟ ಕಣ ಇದ್ದರೂ ಯಾರ ಕಣ್ಣಿಗೆ ಬೀಳುತ್ತವೆ, ಹುಬ್ಬಳ್ಳಿಯವರು ಸರಿ ಇದೆ ಎನ್ನುತ್ತಾರೆ, ದೀಪಾವಳಿ ಬರುತ್ತದೆ, ಕರಿಬಸಪ್ಪನ ಹೋರಿ ಗೊಂಡೆ ಕಟ್ಟಿಕೊಂಡು ಜನರ ನಡುವೆ ಹಾರಿ ಓಡುತ್ತದೆ, ಮುಂದಿನ ಮೂರು ತಿಂಗಳು ಯಾರಿಗೆ ಗೊತ್ತು — ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ, ಅವ್ವ ಹೇಳುತ್ತಿದ್ದ ಮಾತು, ಬಂದದ್ದು ಎಂದಾದರೂ ನೀರಿಗೆ ಬಂದೇ ಬರುತ್ತದೆ. ಕೆಂಪು ಕಂಡ ಕೂಡಲೆ ಎದಿ ಒಡಕೋಬ್ಯಾಡ್ರಿ, ಡಾಕ್ಟರಬಾಯಿ ಹೇಳಿದ್ದರು, ಔಷಧಕ್ಕೂ ಕೆಂಪಾಗತದ, ಉರಿಗೂ ಆಗತದ, ಕೆಂಪು ಅಂದ್ರ ರೋಗನ ಅಂತೇನಿಲ್ಲ, ಅದನ್ನ ಕಣಾ ಹೇಳತಾವ, ಆದ್ರ ನನ್ನ ಕಡಿಂದ ಮುಚ್ಚಿಡಬ್ಯಾಡ್ರಿ, ನಿಮ್ಮ ಯಜಮಾನರಿಗೆ ಇದನ್ನ ಕೇಳೋವ್ರು ಇರಲಿಲ್ಲ, ನಿಮಗ ಇದ್ದೀವಿ. ಆ ಮಾತಿಗೆ ಅವಳು ಅಲ್ಲೇ ಕುರ್ಚಿಯಲ್ಲಿ ಅತ್ತಿದ್ದಳು, ರೋಗದ ಹೆಸರು ಕೇಳಿ ಅಳದವಳು. ಇದ್ದಿದ್ದರೆ, ಆ ಕಾಗದದ ಪಟ್ಟಿ ಅವನ ಬೇಲಿ ಸಾಲಿಗೂ ಬಂದಿದ್ದರೆ, ಅವನು ಈಗ ಇಲ್ಲೇ, ಈ ಕಲ್ಲಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ, ಬಸವ್ವಾ, ತಗಿ ತಗಿ, ಇವತ್ತ ನೀನ ಹಂಡೆ ಆಗಿ ಏನ ಅಂತ ನಗಾಡುತ್ತಿದ್ದ.

ಹೊರಗೆ ಬೈಕು ನಿಂತ ಸದ್ದು, ಅವ್ವಾರ, ಡಬ್ಬಿ ತಯಾರ ಐತೇನ್ರಿ, ದಾದಾಪೀರನ ದನಿ, ಐವತ್ತು ದಾಟಿದ ಮನುಷ್ಯ, ಹೆಲ್ಮೆಟ್ಟು ತೆಗೆಯದೆ ಹಿತ್ತಿಲ ಬಾಗಿಲಿಗೇ ಬಂದ, ಕಲ್ಲಿನ ಮೇಲಿದ್ದ ಡಬ್ಬಿ ನೋಡಿದ, ಎತ್ತಿ ಬೆಳಕಿಗೆ ಹಿಡಿದ, ಎಲ್ಲರೂ ಹಾಗೆಯೇ ಹಿಡಿಯುತ್ತಾರೆ, ಕುಬೇರಪ್ಪನೂ ಬಸಿಯನ್ನು ಹಾಗೆಯೇ ಹಿಡಿಯುತ್ತಿದ್ದ, ಒಂದು ಕಣ್ಣು ಸಣ್ಣಗೆ ಮಾಡಿ. ಕೆಂಪೈತಲ್ರೀ ಅವ್ವಾರ, ಅಂದ ಮೆತ್ತಗೆ. ಬಣ್ಣಪ್ಪ, ಬಣ್ಣ ಬಿದ್ದಿರಬೇಕು ಅಂದಳು, ನಿನ್ನೆ ಹಚ್ಚಿದ್ದೆ, ಬಚ್ಚಲದಾಗ, ಶ್ವೇತಾಗ ಹೇಳಬ್ಯಾಡ, ಅಲ್ಲ, ನಾನs ಹೇಳ್ತೇನಿ ಬಿಡು. ಅವನು ತಲೆಯಾಡಿಸಿದ, ಬಣ್ಣ ಬಿದ್ದದ್ದು ನಡಿಯೂದಿಲ್ರಿ, ಹುಬ್ಬಳ್ಳ್ಯಾಗ ವಾಪಸ್ ಮಾಡ್ತಾರ, ತಗೋರಿ, ಇದು ಹೊಸಾದು, ಸೀಲ್ ಐತಿ, ಇದರಾಗ ಕೊಟ್ಟಬಿಡ್ರಿ, ನಾ ಕುಂತಿರ್ತೇನಿ, ಅವಸರಿಲ್ಲ, ಬೇಕಾದ್ರ ನೀರು ಕುಡೀರಿ. ನೀರು ಕುಡೀರಿ ಅಂದ, ತಾನಾಗಿಯೇ ಅಂದ, ತಂಬಿಗೆ ಪಕ್ಕದಲ್ಲೇ ಇದೆ, ಯಾರೂ ಏನೂ ಅನ್ನುವುದಿಲ್ಲ, ಅವಳು ತಂಬಿಗೆ ಎತ್ತಿದಳು, ಬಾಯಿಯ ತನಕ ತಂದಳು, ನೀರಿನ ತಂಪು ತುಟಿಗೆ ತಾಗಿತು, ತಿನ್ನು, ನೀರೂ ಕುಡಿ, ಹಾನಗಲ್ಲ ಇನ್ನೇನ ಬಂತು — ತಂಬಿಗೆಯ ಮೇಲಿಂದ ಕಣ್ಣು ತಂತಿಗೆ ಹೋಯಿತು, ಹೋಗಬಾರದಿತ್ತು, ಹೋಯಿತು, ನೂಲು ಒಣಗಿದೆ, ಗಾಳಿಗೆ ಹಗುರಾಗಿ ತಿರುಗುತ್ತಿದೆ, ಕೆಳಗೆ ರಾಣಿ, ಅಪ್ಪಟ ರಾಣಿ, ಬಿಸಿಲಿಗೆ ಒಂದಿಷ್ಟೂ ಬಾಡಿಲ್ಲ, ಬಿದ್ದಿದೆ, ಪುಡಿ ಬಿದ್ದಿದೆ, ದೇವರು ದೊಡ್ಡವನು, ಅಯ್ಯೋ ನನ್ನಪ್ಪ, ಪುಡಿಯೇ ಬಿದ್ದಿದೆ ಎಂದು ಎದೆ ಒಮ್ಮೆಲೇ ಹಗುರಾಗಿ ಅವಳು ಎರಡು ಹೆಜ್ಜೆ ಹತ್ತಿರ ಹೋದಳು, ನೂಲಿನ ತುದಿ ಬೆರಳಲ್ಲಿ ಹಿಡಿದಳು, ಮೇಲಕ್ಕೆ ನೋಡಿದಳು, ರಾಣಿಯ ಮೇಲೆ ಎರಡು ಬೆರಳು ಬಿಳಿ, ಅದರ ಮೇಲೆ, ಒದ್ದೆ ಏರಿ ನಿಂತ ಜಾಗದಲ್ಲಿ, ಒಂದು ಗೆರೆ, ಉಗುರಿನ ಅಂಚಿನಷ್ಟು, ಕಂದು.

ಎರಡೂ ಇದೆ, ಒಂದು ಕೆಳಗೆ ಕೂತಿದೆ, ಒಂದು ಅದನ್ನು ಬಿಟ್ಟು ಮೇಲೆ ಹೋಗಿದೆ, ಅದೋ ಇದೋ ಎಂದು ಬೆಳಗಿನಿಂದ ಕೇಳುತ್ತಿದ್ದಾಳೆ, ಎರಡೂ ಇರಬಹುದೆಂದು ಮಾತ್ರ ಹೊಳೆದಿರಲಿಲ್ಲ. ಶಿವಬಸವ್ವ ತಂಬಿಗೆಯ ನೀರನ್ನು ಕರಿಬೇವಿನ ಬುಡಕ್ಕೆ ಸುರಿದಳು, ಪೂರ್ತಿ ಸುರಿದಳು, ಯಾಕ್ರಿ ಅವ್ವಾರ, ಕುಡೀಲಿಲ್ಲ ಅಂದ ದಾದಾಪೀರ, ಬ್ಯಾಡಪ್ಪ, ಇದ್ದದ್ದು ಇದ್ದಂಗ ಒಯ್ಯಿ ಅಂದಳು, ಒಳಗೆ ಹೋಗಿ ಹೊಸ ಡಬ್ಬಿಯ ಸೀಲು ಹಲ್ಲಿನಿಂದ ಕಚ್ಚಿ ತೆಗೆದಳು, ಬಣ್ಣದ ಕೈ ಎರಡು ಸಲ ತೊಳೆದಳು, ಹಿಡಿದಳು, ಈ ಸಲ ಬೆಳಕಿಗೆ ಎತ್ತಲಿಲ್ಲ, ಮುಚ್ಚಳ ಬಿಗಿ ಮಾಡಿ ಸೆರಗಿನಲ್ಲಿ ಒರೆಸಿ ತಂದು ಕೊಟ್ಟಳು, ಡಾಕ್ಟರಬಾಯಿಗೆ ಹೇಳು, ರಕ್ತ ಐತಿ ಅಂತ, ಶಿವಬಸವ್ವ ತಾನs ನೋಡಿ ಹೇಳ್ಯಾಳ ಅಂತ ಹೇಳು. ಹೂಂ ಅಂದ ಅವನು, ಹೆದರಬ್ಯಾಡ್ರಿ, ಕಣಾ ನೋಡಿದ ಮ್ಯಾಲೆ ಗೊತ್ತಾಗೋದು ಅಂದ, ಬೈಕು ಹೋಯಿತು, ಓಣಿಯ ತಿರುವಿನ ತನಕ ಸದ್ದು ಕೇಳಿಸಿತು, ಆಮೇಲೆ ಇಲ್ಲ. ಶ್ವೇತಾ ಬರುವ ಬಸ್ಸು ಸಂಜೆಗೆ, ಅವಳಿಗೆ ಹೇಳಬೇಕು, ಮೊದಲು ಬಣ್ಣದ ವಿಷಯ ಹೇಳಲೋ ಇದನ್ನು ಹೇಳಲೋ, ಅವಳು ಬೈದು ಅಳುತ್ತಾಳೋ ಅತ್ತು ಬೈಯುತ್ತಾಳೋ, ಕರಿಬಸಪ್ಪನ ಲಡಿ ಬಣ್ಣದ ಕೋಣೆಯಲ್ಲಿ ಬಚ್ಚಿಟ್ಟ ಬಕೆಟ್ಟಿನಲ್ಲಿ ಇನ್ನೂ ನೆನೆಯುತ್ತಿದೆ, ಎತ್ತಿ ಹಿಂಡಬೇಕು, ಒಬ್ಬಳೇ ಹಿಂಡಲಾಗುವುದಿಲ್ಲ, ಆ ತುದಿ ಹಿಡಿಯಲು ಇನ್ನೊಂದು ಕೈ ಬೇಕು, ಆ ತುದಿ ಹಿಡಿದವನು ಎಳೆದರೆ ತೂರಾಡಬೇಕು, ನಗಬೇಕು, ಉಣ್ಣಾಕ ಬರ್ರಿ ಎಂದು ಕೂಗಬೇಕು, ಅವನು ಬೇಲಿಯ ಹತ್ತಿರ ಧೋತರ ಹಿಡಿದು ನಿಂತಿದ್ದಾನೆ, ತಿರುಗುವುದಿಲ್ಲ, ಬಿಸಿಲಿನಲ್ಲಿ ನಿಂತೇ ಇದ್ದಾನೆ, ಇದು ಬಣ್ಣ ಅಲ್ಲ ಬಸವ್ವಾ, ತಂತಿಯ ಮೇಲೆ ನೂಲು ಗಾಳಿಗೆ ಒಮ್ಮೆ ಆ ಕಡೆ ತಿರುಗುತ್ತದೆ, ಒಮ್ಮೆ ಈ ಕಡೆ, ಕೆಳಗೆ ರಾಣಿ, ನಡುವೆ ಬಿಳಿ, ಮೇಲೆ ಕಂದು, ಮತ್ತೆ ತಿರುಗುತ್ತದೆ, ರಾಣಿ, ಬಿಳಿ, ಕಂದು, ಗಾಳಿ ನಿಲ್ಲುತ್ತದೆ, ನೂಲೂ ನಿಲ್ಲುತ್ತದೆ, ಕಂದು.